ಬಾಣಂತಿಯ ತಲೆನೋವು, ಸ್ಕ್ಯಾನು ಮತ್ತು ಕಾಣದ ಹೆಪ್ಪು

ಬಾಣಂತಿಗೆ ತಲೆನೋವು ಅಂದರೆ ನಮ್ಮ ಕಡೆ ಯಾರೂ ಗಾಬರಿ ಬೀಳುವುದಿಲ್ಲ. ಮಗು ರಾತ್ರಿಯೆಲ್ಲ ಎಚ್ಚರ ಇತ್ತು, ನಿದ್ದೆಗೆಟ್ಟಿದ್ದಾಳೆ ಅನ್ನುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಂಡಿಲ್ಲ, ಗಾಳಿ ಹೊಕ್ಕಿದೆ ಅನ್ನುತ್ತಾರೆ. ಸಿಸೇರಿಯನ್ ಆಗಿದ್ದರೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದಲೇ ಅಂತ ತೀರ್ಮಾನ ಆಗಿಬಿಡುತ್ತದೆ. ಹೆಚ್ಚಿನ ಸಲ ಇದರಲ್ಲಿ ಯಾವುದೋ ಒಂದು ನಿಜವೂ ಆಗಿರುತ್ತದೆ (ಗಾಳಿಯದ್ದೊಂದು ಬಿಟ್ಟು). ಒಂದೆರಡು ದಿನದಲ್ಲಿ ನೋವು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ.

ಆದರೆ ಕೆಲವೊಮ್ಮೆ ಆ ನೋವು ಹೋಗುವುದಿಲ್ಲ. ಮಲಗಿದರೆ ಜಾಸ್ತಿ ಆಗುತ್ತದೆ, ಕೆಮ್ಮಿದರೆ ಜಾಸ್ತಿ ಆಗುತ್ತದೆ. ಬೆನ್ನಿನ ಇಂಜೆಕ್ಷನ್ನಿಂದ ಬರುವ ತಲೆನೋವು ಇದಕ್ಕೆ ಉಲ್ಟಾ, ಅದು ಎದ್ದು ಕೂತರೆ ಹೆಚ್ಚುತ್ತದೆ, ಮಲಗಿದರೆ ಇಳಿಯುತ್ತದೆ. ಇದು ಹಾಗಲ್ಲ. ವಾಂತಿ ಬರುತ್ತದೆ, ಕಣ್ಣು ಮಂಜಾಗುತ್ತದೆ, ಒಂದು ದಿನ ಒಂದು ಕೈ ತಾನೇ ತಾನಾಗಿ ಅದುರಲು ಶುರುವಾಗಿ ಪೂರಾ ಫಿಟ್ಸ್ ಬಂದುಬಿಡುತ್ತದೆ. ಹಳೇ ಕಾಲದವರು ಇದನ್ನೆಲ್ಲ ಒಟ್ಟಿಗೆ ಸೇರಿಸಿ ಬಾಣಂತಿ ಸನ್ನಿ ಅಂತ ಕರೆದು ದೃಷ್ಟಿ ತೆಗೆದು, ಹೊಗೆ ಹಾಕಿ, ದೇವರ ಮೇಲೆ ಭಾರ ಹಾಕುತ್ತಿದ್ದರು. ಅಂಥವರಲ್ಲಿ ಕೆಲವರಿಗಾದರೂ ಇದ್ದದ್ದು ಮಿದುಳಿನ ಸಿರೆಯೊಳಗೆ ಗಟ್ಟಿಯಾದ ರಕ್ತ. ಡಾಕ್ಟರುಗಳು ಇದನ್ನು ಸಿವಿಟಿ ಅನ್ನುತ್ತಾರೆ. ಬಿಡಿಸಿ ಹೇಳಿದರೆ ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್.

ಇದರ ಬಗ್ಗೆ ನಾನು ಓದತೊಡಗಿದ್ದು ನಮ್ಮ ಚಿಕ್ಕಮ್ಮನ ಮಗಳಿಗೆ ಇದು ಆದ ಮೇಲೆ. ಓದುತ್ತ ಹೋದಂತೆ ರೋಗಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ಕೂರಿಸಿದ್ದು ಸ್ಕ್ಯಾನಿನ ಕತೆ. ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತದೆ ಅಂತ ನಾವು ನಂಬಿದ್ದೇವೆ ಅಲ್ವಾ? ಹೆಪ್ಪಿನ ವಿಷಯದಲ್ಲಿ ಅದು ಅಷ್ಟು ಸಲೀಸಲ್ಲ. ಸ್ಕ್ಯಾನು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದೇ ಇದ್ದದ್ದನ್ನು ಅದು ಹೇಳುವುದಿಲ್ಲ, ಮತ್ತು ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಬರೆದುಕೊಂಡು ಮನೆಗೆ ಕಳಿಸುತ್ತದೆ.

ಮೊದಲು ಈ ರೋಗ ಏನು ಅಂತ ಸ್ವಲ್ಪ ಹೇಳುತ್ತೇನೆ. ನಾವು ಸಾಮಾನ್ಯವಾಗಿ ಸ್ಟ್ರೋಕ್ ಅನ್ನುವುದು ಮಿದುಳಿಗೆ ರಕ್ತ ತರುವ ನಾಳ ಕಟ್ಟಿಕೊಂಡಾಗ. ಇಲ್ಲಿ ಕಟ್ಟಿಕೊಳ್ಳುವುದು ರಕ್ತ ವಾಪಸ್ ಹೋಗುವ ದಾರಿ. ತಲೆಬುರುಡೆಯ ಒಳಮೈಗೆ ಅಂಟಿಕೊಂಡಂತೆ, ಹಣೆಯಿಂದ ಹಿಂದಲೆಯವರೆಗೆ ನಡುಮಧ್ಯದಲ್ಲಿ ಒಂದು ದೊಡ್ಡ ಸಿರೆ ಹೋಗುತ್ತದೆ. ಅದು ಹಿಂದೆ ಹೋಗಿ ಎಡಕ್ಕೂ ಬಲಕ್ಕೂ ಕವಲೊಡೆದು ಕಿವಿಯ ಹಿಂಬದಿಯಿಂದ ಕುತ್ತಿಗೆಗೆ ಇಳಿಯುತ್ತದೆ. ಇವಕ್ಕೆ ಸೈನಸ್ ಅನ್ನುತ್ತಾರೆ. ನೆಗಡಿಯಾದಾಗ ಮೂಗಿನ ಪಕ್ಕ ನೋಯುವ ಸೈನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಹೆಪ್ಪು ಕೂತರೆ ಬಚ್ಚಲ ತೂಬು ಕಟ್ಟಿಕೊಂಡ ಹಾಗೆ. ಮೇಲಿಂದ ನೀರು ಬರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲ. ಒತ್ತಡ ಏರುತ್ತದೆ, ಮಿದುಳು ಊದಿಕೊಳ್ಳುತ್ತದೆ, ಕೊನೆಗೆ ಸಣ್ಣ ಸಣ್ಣ ನಾಳಗಳು ತಡೆಯಲಾರದೆ ರಕ್ತ ಹೊರಗೆ ಸೋರುತ್ತದೆ.

ಒಟ್ಟು ಸ್ಟ್ರೋಕ್‌ಗಳಲ್ಲಿ ಇದರ ಪಾಲು ಶೇಕಡಾ ಒಂದರ ಒಳಗೇ. ಆದರೆ ಬರುವುದು ಚಿಕ್ಕ ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ. 21 ದೇಶಗಳ 624 ರೋಗಿಗಳನ್ನು ಸೇರಿಸಿಕೊಂಡು ನಡೆದ ಒಂದು ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಹತ್ತಿರಹತ್ತಿರ ಶೇಕಡಾ 90 ಮಂದಿಗೆ ತಲೆನೋವಿತ್ತು, ಶೇಕಡಾ 40ರಷ್ಟು ಮಂದಿಗೆ ಫಿಟ್ಸ್ ಬಂದಿತ್ತು.

ಬಾಣಂತಿಯರಿಗೇ ಯಾಕೆ? ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲಿ ಅಂತ ಬಸುರಿನ ಕೊನೆಗೆ ಹೆಂಗಸರ ರಕ್ತ ಬೇಗ ಹೆಪ್ಪುಗಟ್ಟುವ ಕಡೆಗೆ ವಾಲಿರುತ್ತದೆ. ಮಾಸು ಬಿದ್ದ ಜಾಗದಲ್ಲಿ ರಕ್ತ ನಿಲ್ಲಬೇಕಲ್ಲ, ಅದಕ್ಕೆ ದೇಹ ಮಾಡಿಕೊಂಡ ಏರ್ಪಾಡು ಇದು. ಹೆರಿಗೆ ಮುಗಿದ ತಕ್ಷಣ ಇದು ಸರಿಹೋಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 17 ಲಕ್ಷ ಬಾಣಂತಿಯರ ದಾಖಲೆ ನೋಡಿ 2014ರಲ್ಲಿ ಬರೆದ ವರದಿಯ ಪ್ರಕಾರ ಹೆಪ್ಪಿನ ಅಪಾಯ ಮೊದಲ ಆರು ವಾರ ತುಂಬ ಹೆಚ್ಚು, ಆಮೇಲೂ ಹನ್ನೆರಡನೇ ವಾರದವರೆಗೆ ಸ್ವಲ್ಪ ಉಳಿದೇ ಇರುತ್ತದೆ. ಮೂರು ತಿಂಗಳ ಬಾಣಂತನ ಅನ್ನುವ ನಮ್ಮ ಹಿರಿಯರ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಹೊಂದದೇ ಇರುವುದು ನೀರಿನ ವಿಷಯ. ಬಾಣಂತಿಗೆ ಜಾಸ್ತಿ ನೀರು ಕೊಡಬಾರದು, ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ತಲೆಗೆ ಕಿವಿಗೆ ಬಟ್ಟೆ, ಮೆಣಸಿನ ಸಾರು, ಬೆವರು ಸುರಿಯುವಂಥ ಬಿಸಿನೀರಿನ ಸ್ನಾನ. ಇಷ್ಟರ ಮೇಲೆ ಹಾಲೂಡಿಸಬೇಕು. ಕುಡಿಯಲು ಸಿಗುವುದು ಅಳೆದು ಕೊಟ್ಟ ಅರ್ಧ ಲೋಟ ನೀರು. ಬೇಧಿಯೋ ಜ್ವರವೋ ಜತೆಗೆ ಸೇರಿದರೆ ಮುಗಿದೇ ಹೋಯಿತು, ಮೊದಲೇ ಗಟ್ಟಿಯಾಗಲು ಕಾಯುತ್ತಿದ್ದ ರಕ್ತ ಇನ್ನಷ್ಟು ಮಂದವಾಗುತ್ತದೆ. ಭಾರತದ ನರರೋಗ ತಜ್ಞರು ಬಾಣಂತಿಯರ ಸಿವಿಟಿ ಬಗ್ಗೆ ಬರೆಯುವಾಗೆಲ್ಲ ನೀರಿನ ಕೊರತೆ, ರಕ್ತಹೀನತೆ, ಸೋಂಕು ಈ ಮೂರನ್ನು ಮತ್ತೆ ಮತ್ತೆ ಎತ್ತುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಈ ರೋಗವನ್ನು ದಶಕಗಳಿಂದ ನೋಡುತ್ತ ಬಂದಿದೆ. ಅಲ್ಲಿನ ನಿರ್ದೇಶಕರೂ ಆಗಿದ್ದ ಡಾ. ಡಿ. ನಾಗರಾಜ ಮತ್ತು ಅವರ ಜತೆಗಾರರು ಬಾಣಂತಿಯರ ಸಿವಿಟಿಯ ಬಗ್ಗೆಯೇ ಹಲವು ಪ್ರಬಂಧ ಬರೆದಿದ್ದಾರೆ. ಆಹಾರದಲ್ಲಿ ಫೋಲೇಟ್, ಬಿ12 ಕಡಿಮೆಯಾದರೆ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅನ್ನುವುದರ ಪಾತ್ರವನ್ನೂ ಅವರು ಹುಡುಕಿದ್ದಾರೆ.

ಇನ್ನು ಚಿತ್ರದ ವಿಷಯ.

ಎಕ್ಸ್‌ರೇ ಕೂಡ ಇಲ್ಲದ ಕಾಲದಲ್ಲಿ ಈ ಹೆಪ್ಪನ್ನು ನೋಡಲು ಒಂದೇ ದಾರಿಯಿತ್ತು, ರೋಗಿ ಸತ್ತ ಮೇಲೆ ತಲೆ ಕೊಯ್ದು ನೋಡುವುದು. 1825ರಲ್ಲಿ ಫ್ರಾನ್ಸಿನ ರೀಬ್ ಎಂಬ ವೈದ್ಯ ಹಾಗೆ ನೋಡಿ ಬರೆದಿಟ್ಟ. ಆತನ ರೋಗಿ ಕ್ಯಾನ್ಸರ್ ಇದ್ದ ಗಂಡಸು. ಮೂರು ವರ್ಷದ ನಂತರ, 1828ರಲ್ಲಿ, ಸ್ಕಾಟ್ಲೆಂಡಿನ ಜಾನ್ ಅಬರ್‌ಕ್ರಾಂಬಿ ಒಬ್ಬ 24 ವರ್ಷದ ಬಾಣಂತಿಯ ಬಗ್ಗೆ ಬರೆದ. ಹೆರಿಗೆ ಸರಾಗವಾಗಿ ಆಗಿತ್ತು. ಎರಡು ವಾರದ ಹೊತ್ತಿಗೆ ಫಿಟ್ಸ್ ಮೇಲೆ ಫಿಟ್ಸ್ ಬಂದು ತೀರಿಕೊಂಡಳು. ಅಂದಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯಪುಸ್ತಕಗಳಲ್ಲಿ ಈ ರೋಗ ಬಂದವರು ಬದುಕುವುದೇ ಅಪರೂಪ ಅಂತಿತ್ತು. ಇರದೇ ಇನ್ನೇನು? ಸತ್ತವರಲ್ಲಿ ಮಾತ್ರ ಪತ್ತೆಯಾಗುವ ರೋಗದಲ್ಲಿ ಬದುಕಿದವರು ಲೆಕ್ಕಕ್ಕೆ ಸಿಗುವುದಾದರೂ ಹೇಗೆ! ತಲೆನೋವು ಬಂದು, ಒಂದು ತಿಂಗಳು ನರಳಿ, ತಾನಾಗಿ ಸುಧಾರಿಸಿಕೊಂಡು ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೋದವಳು ಯಾವ ಪುಸ್ತಕಕ್ಕೂ ಸೇರಲಿಲ್ಲ.

1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಕತ್ತಿನ ರಕ್ತನಾಳಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಅಲ್ಲಿಂದ ಮುಂದೆ ಬದುಕಿರುವವರಲ್ಲೂ ಸಿರೆ ಕಟ್ಟಿಕೊಂಡದ್ದು ಕಾಣುವಂತಾಯಿತು. ಆದರೆ ಆ ಪರೀಕ್ಷೆಯೇ ಕಷ್ಟದ್ದು, ಎಲ್ಲರಿಗೂ ಮಾಡುವಂಥದ್ದಲ್ಲ. ನಿಜವಾದ ಬದಲಾವಣೆ ಬಂದದ್ದು 1971ರ ಅಕ್ಟೋಬರ್ 1ರ ನಂತರ. ಅಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಕಟ್ಟಿದ ಸಿಟಿ ಯಂತ್ರದಲ್ಲಿ ಮೊದಲ ರೋಗಿಯ ತಲೆ ನೋಡಿದರು. ಸಿಟಿ ಬಂದ ಮೇಲೆ, ಆಮೇಲೆ ಎಂಆರ್‌ಐ ಬಂದ ಮೇಲೆ, ಸಿವಿಟಿಯ ಸಾವಿನ ಪ್ರಮಾಣ ಇಳಿಯುತ್ತ ಹೋಯಿತು. ನಾನು ಮೇಲೆ ಹೇಳಿದ 624 ಜನರ ಅಧ್ಯಯನದಲ್ಲಿ ಕೊನೆಗೆ ತೀರಿಕೊಂಡವರು ಶೇಕಡಾ 8ರಷ್ಟು. ಇದರಲ್ಲಿ ಚಿಕಿತ್ಸೆಯ ಪಾಲೂ ಇದೆ, ಅನುಮಾನವಿಲ್ಲ. ಆದರೆ ಒಂದು ಪಾಲು ಸುಮ್ನೆ ನೋಡಿದ್ದರಿಂದ ಆದದ್ದು. ಮೊದಲೂ ಇದ್ದು ಕಾಣದೇ ಹೋಗಿದ್ದ ಹಗುರವಾದ ಕೇಸುಗಳು ಲೆಕ್ಕಕ್ಕೆ ಬಂದವು.

ಹೃದಯದ ಹೆಪ್ಪಿನಲ್ಲೂ ಇಂಥದ್ದೇ ಒಂದು ಕತೆ ನಡೆದಿದೆ. 1970ರ ದಶಕದಲ್ಲಿ ಹಾರ್ಟ್ ಅಟ್ಯಾಕ್ ಆಗುವುದು ಹೆಪ್ಪಿನಿಂದಲೋ, ಅಥವಾ ಅಟ್ಯಾಕ್ ಆದ ಮೇಲೆ ಹೆಪ್ಪು ಕಟ್ಟುತ್ತದೋ ಅಂತ ದೊಡ್ಡ ಜಗಳವಿತ್ತು. ಶವಪರೀಕ್ಷೆಯಲ್ಲಿ ಕೆಲವರಿಗೆ ಹೆಪ್ಪು ಸಿಗುತ್ತಿತ್ತು, ಕೆಲವರಿಗೆ ಸಿಗುತ್ತಿರಲಿಲ್ಲ. ಅಮೆರಿಕದ ಡಾ. ಮಾರ್ಕಸ್ ಡಿವುಡ್ ಮತ್ತು ಜತೆಗಾರರು ಅಟ್ಯಾಕ್ ಆಗಿ ಬಂದವರಿಗೆ ಆಗಲೇ ಆಂಜಿಯೋಗ್ರಾಂ ಮಾಡುವ ಧೈರ್ಯ ಮಾಡಿದರು. ಅಷ್ಟು ನಾಜೂಕಾದ ಹೊತ್ತಿನಲ್ಲಿ ಟ್ಯೂಬು ತೂರಿಸುವುದಾ ಅಂತ ಆ ಕಾಲದಲ್ಲಿ ಜನ ಹೆದರುತ್ತಿದ್ದರು. 1980ರಲ್ಲಿ ಅವರು ಕೊಟ್ಟ ಲೆಕ್ಕ ಇದು: ನೋವು ಶುರುವಾಗಿ ನಾಲ್ಕು ಗಂಟೆಯೊಳಗೆ ನೋಡಿದ 126 ಜನರಲ್ಲಿ 110 ಮಂದಿಗೆ ರಕ್ತನಾಳ ಪೂರ್ತಿ ಕಟ್ಟಿತ್ತು, ಅಂದರೆ ಶೇಕಡಾ 87. ಹನ್ನೆರಡು ಗಂಟೆ ದಾಟಿದ ಮೇಲೆ ನೋಡಿದವರಲ್ಲಿ ಇದು ಶೇಕಡಾ 65ಕ್ಕೆ ಇಳಿದಿತ್ತು. ಹೆಪ್ಪು ನಿಂತ ನೀರಲ್ಲ, ಕಟ್ಟುತ್ತದೆ, ಕರಗುತ್ತದೆ. ತಡವಾಗಿ ನೋಡಿದರೆ ಸಾಕ್ಷಿಯೇ ಕಾಣೆಯಾಗಿರುತ್ತದೆ. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರಲ್ಲ, ಅದರ ಹಿಂದೆ ಆ ಆಂಜಿಯೋಗ್ರಾಂ ಚಿತ್ರಗಳಿವೆ.

ಸರಿ, ಬಾಣಂತಿಯ ಹತ್ತಿರ ಬರೋಣ. ನನ್ನ ತಂಗಿಗೆ (ಚಿಕ್ಕಮ್ಮನ ಮಗಳನ್ನು ನಾವು ತಂಗಿ ಅಂತಲೇ ಕರೆಯುವುದು) ತಲೆನೋವು ಹೆಚ್ಚಾದಾಗ ಮನೆಯವರು ಹತ್ತಿರದ ಊರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಬಿಪಿ ನೋಡಿದರು, ಸರಿಯಿತ್ತು. ತಲೆಯ ಸಿಟಿ ಮಾಡಿಸಿ ಅಂದರು, ಮಾಡಿಸಿದರು. ರಿಪೋರ್ಟ್ ನಾರ್ಮಲ್. ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮನೆಯಲ್ಲಿ ಎಲ್ಲರಿಗೂ ಉಸಿರು ಬಂತು. ಸಿಟಿಯಲ್ಲೇ ಏನೂ ಇಲ್ಲ ಅಂದಮೇಲೆ ಇನ್ನೇನು ಭಯ?

ಇಲ್ಲೇ ನಾನು ಮೊದಲು ಹೇಳಿದ ಮಾತು ಬರುವುದು. ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣಲಿ ಅಂತ ರಕ್ತಕ್ಕೆ ಬಿಡುವ ದ್ರವ) ಹಾಕದೆ ತೆಗೆದ ಪ್ಲೇನ್ ಸಿಟಿ ಚೆನ್ನಾಗಿ ಉತ್ತರಿಸುವ ಪ್ರಶ್ನೆ 'ತಲೆಯಲ್ಲಿ ರಕ್ತಸ್ರಾವ ಆಗಿದೆಯಾ?' ಅನ್ನುವುದು. ಆ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ. ಕೈಕಾಲು ಸ್ವಾಧೀನ ತಪ್ಪಿ ಬಂದವರಿಗೆ ರಕ್ತ ಕರಗಿಸುವ ಔಷಧ ಕೊಡಬಹುದಾ ಬೇಡವಾ ಅಂತ ನಿಮಿಷಗಳಲ್ಲಿ ತೀರ್ಮಾನಿಸಲು ಇವತ್ತಿಗೂ ಅದೇ ಬೇಕು, ಯಾಕೆಂದರೆ ಹೊರಗಿಂದ ನೋಡಿದರೆ ನಾಳ ಒಡೆದದ್ದೂ ಒಂದೇ, ಕಟ್ಟಿಕೊಂಡದ್ದೂ ಒಂದೇ, ಮತ್ತು ಒಂದರ ಔಷಧ ಇನ್ನೊಂದಕ್ಕೆ ವಿಷ. ಆದರೆ 'ವಾಪಸ್ ಹೋಗುವ ಸಿರೆ ತೆರೆದಿದೆಯಾ?' ಅನ್ನುವ ಪ್ರಶ್ನೆಗೆ ಪ್ಲೇನ್ ಸಿಟಿ ಅಷ್ಟು ಒಳ್ಳೆಯ ಸಾಕ್ಷಿಯಲ್ಲ. ಸಿವಿಟಿ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಅದರಲ್ಲಿ ಹೆಪ್ಪಿನ ನೇರ ಗುರುತು ಕಾಣುತ್ತದೆ.

ಕಂಡಾಗ ಹೇಗೆ ಕಾಣುತ್ತದೆ ಅಂದರೆ, ಹೊಸ ಹೆಪ್ಪು ಸುತ್ತಲಿನದಕ್ಕಿಂತ ಬೆಳ್ಳಗಿರುತ್ತದೆ. ಹರಿಯುವ ರಕ್ತದಲ್ಲಿ ಕೆಂಪುಕಣಗಳು ಪ್ಲಾಸ್ಮಾದಲ್ಲಿ ಹರಡಿಕೊಂಡಿರುತ್ತವೆ. ಹೆಪ್ಪಿನಲ್ಲಿ ಅವೆಲ್ಲ ಒತ್ತೊತ್ತಾಗಿ ಸೇರಿ, ನೀರಿನಂಶ ಹಿಂಡಿಹೋಗಿ, ಹಿಮೋಗ್ಲೋಬಿನ್ ದಟ್ಟವಾಗುತ್ತದೆ. ಎಕ್ಸ್‌ರೇಗೆ ಅದು ಹೆಚ್ಚು ಅಡ್ಡಿ, ಹಾಗಾಗಿ ಬಿಳುಪು. ಈಗ ಇದನ್ನು ನಮ್ಮ ಬಾಣಂತಿಗೆ ಹೊಂದಿಸಿ ನೋಡಿ. ರಕ್ತಹೀನತೆ ಇರುವವಳ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಕಡಿಮೆ, ಅವಳ ಹೆಪ್ಪು ಅಷ್ಟೇನೂ ಬೆಳ್ಳಗೆ ಹೊಳೆಯುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು, ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ. ಅಂದರೆ ಯಾರಿಗೆ ಈ ಹೆಪ್ಪು ಕಟ್ಟುವ ಸಾಧ್ಯತೆ ಜಾಸ್ತಿಯೋ ಅವರಲ್ಲೇ ಅದು ಪ್ಲೇನ್ ಸಿಟಿಯ ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆಯೂ ಜಾಸ್ತಿ. ಇದನ್ನು ಓದಿದ ದಿನ ನನಗೆ ಸ್ವಲ್ಪ ಹೊತ್ತು ಬೇರೇನೂ ಓದಲಾಗಲಿಲ್ಲ.

ಕಾಂಟ್ರಾಸ್ಟ್ ಹಾಕಿದರೆ ಕತೆ ಬೇರೆ. ಆ ದ್ರವ ಹೆಪ್ಪಿನ ಸುತ್ತಲಿನ ಗೋಡೆಯನ್ನು ಬೆಳಗುತ್ತದೆ, ಒಳಗಿನ ಹೆಪ್ಪು ಕಪ್ಪಾಗಿ ಉಳಿಯುತ್ತದೆ. ಆ ಸಿರೆ ಅಡ್ಡಕೊಯ್ತದಲ್ಲಿ ತ್ರಿಕೋನವಾಗಿರುವುದರಿಂದ ಬಿಳಿ ಅಂಚಿನ, ಮಧ್ಯ ಖಾಲಿಯಿರುವ ತ್ರಿಕೋನವೊಂದು ಹಿಂದಲೆಯಲ್ಲಿ ಕಾಣುತ್ತದೆ. ರೇಡಿಯಾಲಜಿ ಓದುವ ಹುಡುಗರು ಇದನ್ನು 'ಎಂಪ್ಟಿ ಡೆಲ್ಟಾ' ಅಂತ ಬಾಯಿಪಾಠ ಮಾಡಿರುತ್ತಾರೆ. ಸಿರೆಗಳನ್ನೇ ತೋರಿಸುವ ಸಿಟಿ ವೀನೋಗ್ರಾಂ, ಇಲ್ಲವೇ ಎಂಆರ್‌ಐ ಜತೆಗೆ ಅದೇ ಕೆಲಸದ ಎಂಆರ್‌ವಿ ಅಂತ ಮಾಡಿದರೆ ಇನ್ನೂ ಸ್ಪಷ್ಟ. ಆದರೆ ಇವನ್ನೆಲ್ಲ ಯಾರಾದರೂ ಕೇಳಿ ಮಾಡಿಸಬೇಕು. ಚೀಟಿಯ ಮೇಲೆ ಬರೀ 'ತಲೆನೋವು' ಅಂತ ಬರೆದು ಕಳಿಸಿದರೆ ಸ್ಕ್ಯಾನ್ ಸೆಂಟರಿನವರು ಪ್ಲೇನ್ ಸಿಟಿ ತೆಗೆದು ಕಳಿಸುತ್ತಾರೆ. 'ಹೆರಿಗೆಯಾಗಿ ಎರಡು ವಾರ, ಬಿಡದ ತಲೆನೋವು, ವಾಂತಿ' ಅಂತ ಬರೆದಿದ್ದರೆ ಅದನ್ನು ಓದುವ ರೇಡಿಯಾಲಜಿಸ್ಟ್ ಅದೇ ಚಿತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ, ಹಿಂದಲೆಯ ಆ ಮೂಲೆಯಲ್ಲಿ ಇನ್ನೊಂದು ಸಲ ಕಣ್ಣಾಡಿಸುತ್ತಾರೆ, ಫೋನ್ ಮಾಡಿ ಕಾಂಟ್ರಾಸ್ಟ್ ಹಾಕಲಾ ಅಂತ ಕೇಳುತ್ತಾರೆ. ಡಾಕ್ಟರು ಬರೆಯದಿದ್ದರೆ ಜತೆಗೆ ಹೋದವರು ಬಾಯಿಬಿಟ್ಟು ಹೇಳಬಹುದು, ಯಾರೂ ಬೈಯುವುದಿಲ್ಲ.

ಕಾಂಟ್ರಾಸ್ಟ್ ಅಂದ ಕೂಡಲೇ ಬಾಣಂತಿ ಮನೆಯವರಿಗೆ ಹಾಲಿನ ಚಿಂತೆ ಬರುತ್ತದೆ. ಒಂದು ದಿನ ಹಾಲು ಹಿಂಡಿ ಚೆಲ್ಲಿ ಅಂತ ಕೆಲವೆಡೆ ಇನ್ನೂ ಹೇಳುತ್ತಾರೆ. ಅದರ ಅಗತ್ಯವಿಲ್ಲ. ಕೊಟ್ಟದ್ದರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಹಾಲಿಗೆ ಹೋಗುತ್ತದೆ, ಅದರಲ್ಲೂ ಮಗುವಿನ ಹೊಟ್ಟೆ ಹೀರಿಕೊಳ್ಳುವುದು ಇನ್ನೂ ಅತ್ಯಲ್ಪ. ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೂ ಹಾಲೂಡಿಸುವುದನ್ನು ಮುಂದುವರಿಸಬಹುದು ಅಂತಲೇ ಹೇಳುತ್ತದೆ.

ತಂಗಿಗೆ ಫಿಟ್ಸ್ ಬಂದ ಮೇಲೆ ಬೆಂಗಳೂರಿಗೆ ಕರೆತಂದರು. ಅಲ್ಲಿ ರಾತ್ರಿ ಪಾಳಿಯಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸ್ಕ್ಯಾನ್ ಫಿಲ್ಮ್ ನೋಡುವ ಮೊದಲು ಕೈಯಲ್ಲಿ ಹಿಡಿಯುವ ಪುಟ್ಟ ಲೈಟಿನಿಂದ ಅವಳ ಕಣ್ಣೊಳಗೆ ಇಣುಕಿದರು. ಕಣ್ಣಿನ ಹಿಂದಿನ ನರ ಊದಿಕೊಂಡಿತ್ತು, ಅಂದರೆ ತಲೆಯೊಳಗೆ ಒತ್ತಡ. ಯಾವ ದೊಡ್ಡ ಯಂತ್ರವೂ ಬೇಡ ಅದಕ್ಕೆ. ಆಮೇಲೆ ಎಂಆರ್‌ಐ, ಎಂಆರ್‌ವಿ ಆಯಿತು. ನಡುವಿನ ದೊಡ್ಡ ಸಿರೆ ಕಾಣೆ.

ಕಾಣೆ ಅಂತಲೇ ಹೇಳಬೇಕು. ನನಗೆ ಮೊದಲು ಅರ್ಥವಾಗದೆ ಇದ್ದದ್ದು ಇದು. ಸಾಮಾನ್ಯವಾಗಿ ಮಾಡುವ ಎಂಆರ್‌ವಿಯಲ್ಲಿ ಹೆಪ್ಪಿನ ಚಿತ್ರ ಬರುವುದಿಲ್ಲ, ಹರಿಯುವ ರಕ್ತದ ಚಿತ್ರ ಬರುತ್ತದೆ. ಹರಿವು ಇಲ್ಲದ ಕಡೆ ಚಿತ್ರದಲ್ಲಿ ಏನೂ ಇಲ್ಲ. ಆದರೆ ಹರಿವು ಕಾಣದೇ ಇರಲು ಬೇರೆ ಕಾರಣಗಳೂ ಇರುತ್ತವೆ. ಅನೇಕರಿಗೆ ಹುಟ್ಟಿನಿಂದಲೇ ಎಡಗಡೆಯ ಕವಲು ಸಣ್ಣದಾಗಿರುತ್ತದೆ. 2000ನೇ ಇಸವಿಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಎಂಆರ್‌ಐ ನಾರ್ಮಲ್ ಇದ್ದ 100 ಜನರ ಸಿರೆಗಳನ್ನು ನೋಡಿದಾಗ 31 ಮಂದಿಯ ಪಕ್ಕದ ಕವಲಿನಲ್ಲಿ ಹೀಗೆ ಖಾಲಿ ಜಾಗ ಕಂಡಿತ್ತು, ಯಾರಿಗೂ ಹೆಪ್ಪಿರಲಿಲ್ಲ. ಅಂದರೆ ಎಂಆರ್‌ವಿ ಒಂದನ್ನೇ ನಂಬಿದರೆ ಇಲ್ಲದ ಹೆಪ್ಪಿಗೆ ಔಷಧ ಕೊಡುವ ಅಪಾಯವಿದೆ. ಅದಕ್ಕೇ ಜತೆಗೆ ಎಂಆರ್‌ಐಯ ಬೇರೆ ಬೇರೆ ಚಿತ್ರಗಳಲ್ಲಿ ಹೆಪ್ಪನ್ನೇ ಹುಡುಕಬೇಕು.

ಅಲ್ಲೊಂದು ಚೆಂದದ ವಿಜ್ಞಾನ ಇದೆ. 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ರಕ್ತವನ್ನು ಅಯಸ್ಕಾಂತದ ಹತ್ತಿರ ಇಟ್ಟು ನೋಡಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತದ ಕಡೆಗೆ ಎಳೆಯಲ್ಪಡುವುದಿಲ್ಲ, ಆಮ್ಲಜನಕ ಬಿಟ್ಟುಕೊಟ್ಟದ್ದು ಎಳೆಯಲ್ಪಡುತ್ತದೆ. ಆಗ ಎಂಆರ್‌ಐ ಯಾರ ಕನಸಿನಲ್ಲೂ ಇರಲಿಲ್ಲ. ಈಗ ಅದೇ ಗುಣದಿಂದ ಹೆಪ್ಪಿನ ವಯಸ್ಸು ತಿಳಿಯುತ್ತದೆ. ಮೊದಲ ಕೆಲವು ದಿನ ಹೆಪ್ಪಿನ ಹಿಮೋಗ್ಲೋಬಿನ್ ಆಮ್ಲಜನಕ ಕಳೆದುಕೊಂಡು ಒಂದು ಬಗೆಯ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಮೋಸ ಏನೆಂದರೆ, ಆ ಚಿತ್ರದಲ್ಲಿ ಸರಾಗವಾಗಿ ಹರಿಯುವ ರಕ್ತವೂ ಕಪ್ಪಾಗಿಯೇ ಕಾಣುತ್ತದೆ! ಮೊದಲ ವಾರದಲ್ಲಿ ನುರಿತವರಿಗೂ ಕಣ್ಣು ತಪ್ಪುವುದು ಇಲ್ಲಿ. ಎರಡನೇ ವಾರದ ಹೊತ್ತಿಗೆ ಹಿಮೋಗ್ಲೋಬಿನ್ ಇನ್ನೊಂದು ರೂಪಕ್ಕೆ ತಿರುಗಿ ಹೆಪ್ಪು ಬೆಳ್ಳಗೆ ಹೊಳೆಯುತ್ತದೆ, ಆಗ ಯಾರಿಗಾದರೂ ಕಾಣುತ್ತದೆ. ತಂಗಿಯದು ಆ ಹೊತ್ತಿಗೆ ಹೊಳೆಯುವ ಹಂತಕ್ಕೆ ಬಂದಿತ್ತು. ಒಂದು ಕಡೆ ಸಣ್ಣಗೆ ರಕ್ತವೂ ಸೋರಿತ್ತು.

ಇದಕ್ಕೆ ಹೆಪಾರಿನ್ ಶುರು ಮಾಡುತ್ತೇವೆ, ರಕ್ತ ತೆಳುವಾಗಿಸುವ ಔಷಧ ಅಂತ ಡಾಕ್ಟರು ಹೇಳಿದಾಗ ಚಿಕ್ಕಮ್ಮ ಅಡ್ಡ ನಿಂತರು. "ತಲೇಲಿ ರಕ್ತ ಸೋರಿದೆ ಅಂತೀರ, ಮತ್ತೆ ರಕ್ತ ತೆಳು ಮಾಡ್ತೀವಿ ಅಂತೀರ. ಇದೇನು ಡಾಕ್ಟ್ರೇ, ಇನ್ನೂ ಸೋರಲ್ವಾ?"

"ಹೋಗೋ ದಾರಿ ಕಟ್ಟಿದ್ದಕ್ಕೇ ಅಮ್ಮಾ ಸೋರಿರೋದು. ಇನ್ನೂ ಕಟ್ಟದೇ ಇರೋ ಹಾಗೆ ನೋಡಿಕೊಂಡ್ರೆ ಒತ್ತಡ ಇಳಿಯುತ್ತೆ, ಸೋರೋದೂ ನಿಲ್ಲುತ್ತೆ."

ಚಿಕ್ಕಮ್ಮನ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. ವೈದ್ಯಲೋಕ ದಶಕಗಟ್ಟಲೆ ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತ್ತು. ಮೊದಲು ಸಿಟಿ ಇಲ್ಲದೆ ತೊಂದರೆ, ಸಿಟಿ ಬಂದಮೇಲೆ ಸೋರಿದ ರಕ್ತ ಕಣ್ಣಾರೆ ಕಾಣತೊಡಗಿ ಹೆಪಾರಿನ್ ಕೊಡಲು ಇನ್ನೂ ಭಯ. 1991ರಲ್ಲಿ ಜರ್ಮನಿಯ ಐನ್‌ಹಾಯ್ಪ್ಲ್ ಮತ್ತು ಜತೆಗಾರರು ಅದನ್ನು ಪರೀಕ್ಷೆಗೇ ಹಚ್ಚಿದರು. ಬರೀ 20 ರೋಗಿಗಳು. ಹತ್ತು ಜನಕ್ಕೆ ಹೆಪಾರಿನ್, ಹತ್ತು ಜನಕ್ಕೆ ಇಲ್ಲ. ಮೂರು ತಿಂಗಳಲ್ಲಿ ಹೆಪಾರಿನ್ ಪಡೆದವರಲ್ಲಿ ಎಂಟು ಜನ ಪೂರ್ತಿ ಗುಣವಾದರು, ಯಾರೂ ಸಾಯಲಿಲ್ಲ. ಪಡೆಯದವರಲ್ಲಿ ಪೂರ್ತಿ ಗುಣವಾದವರು ಒಬ್ಬರು, ಸತ್ತವರು ಮೂವರು. ವ್ಯತ್ಯಾಸ ಅಷ್ಟು ದೊಡ್ಡದಿದ್ದದ್ದರಿಂದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಹಳೆಯ ದಾಖಲೆಗಳಲ್ಲಿ ಆಗಲೇ ತಲೆಯಲ್ಲಿ ರಕ್ತಸ್ರಾವವಾಗಿದ್ದವರನ್ನೂ ಹುಡುಕಿ ನೋಡಿದರು. ಆಮೇಲೆ ಹೆಪಾರಿನ್ ಕೊಟ್ಟ 27 ಜನರಲ್ಲಿ ನಾಲ್ವರು ಸತ್ತಿದ್ದರು, ಕೊಡದ 13 ಜನರಲ್ಲಿ ಒಂಬತ್ತು ಮಂದಿ ಸತ್ತಿದ್ದರು. ನಿಮ್ಹಾನ್ಸ್‌ನವರು ಕಡಿಮೆ ಪ್ರಮಾಣದ ಹೆಪಾರಿನ್ ಬಾಣಂತಿಯರಿಗೆ ನೆರವಾಗುತ್ತದೆ ಅಂತ 1999ರಲ್ಲಿ ಬರೆದರು. ಹೆಪಾರಿನ್ ಹೆಪ್ಪನ್ನು ನೇರವಾಗಿ ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಕರಗಿಸುವ ಕೆಲಸ ದೇಹದ್ದು. ಹಾಲಿಗೂ ಅದು ಹೋಗುವುದಿಲ್ಲ. ಚಿಕ್ಕಮ್ಮ ಇದನ್ನು ಕೇಳಿದ ಮೇಲೆಯೇ ಒಪ್ಪಿದ್ದು.

ಇಲ್ಲಿಯವರೆಗೆ ಓದಿದವರಿಗೆ ಹಾಗಾದರೆ ಎಲ್ಲ ಬಾಣಂತಿಯರಿಗೂ ಒಂದು ಎಂಆರ್‌ವಿ ಮಾಡಿಸಿಬಿಡೋಣ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಶ್ವಾಸಕೋಶದ ಹೆಪ್ಪಿನ ವಿಷಯ ಓದಿದ ಮೇಲೆ ಆ ಉತ್ಸಾಹ ಇಳಿಯಿತು. ಅಮೆರಿಕದಲ್ಲಿ ಎದೆಯ ಸಿಟಿ ಆಂಜಿಯೋಗ್ರಾಂ ಚಾಲ್ತಿಗೆ ಬಂದ ಮೇಲೆ, 1998ರಿಂದ 2006ರೊಳಗೆ, ಶ್ವಾಸಕೋಶದಲ್ಲಿ ಹೆಪ್ಪು ಪತ್ತೆಯಾದವರ ಸಂಖ್ಯೆ ಲಕ್ಷಕ್ಕೆ 62ರಿಂದ 112ಕ್ಕೆ ಏರಿತು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಲಕ್ಷಕ್ಕೆ 12ರ ಆಸುಪಾಸಿನಲ್ಲೇ ಉಳಿಯಿತು. ಹೊಸದಾಗಿ ಕಂಡದ್ದರಲ್ಲಿ ತುಂಬ ಹೆಪ್ಪುಗಳು ತೀರಾ ಚಿಕ್ಕವು, ಯಾರಿಗೂ ಗೊತ್ತಾಗದೆ ಕರಗಿ ಹೋಗುವಂಥವು ಇದ್ದಿರಬೇಕು. ಆದರೆ ಕಂಡ ಮೇಲೆ ಸುಮ್ಮನಿರಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ, ತಿಂಗಳುಗಟ್ಟಲೆ ರಕ್ತ ತೆಳುವಾಗಿಸುವ ಮಾತ್ರೆ, ಅದರಿಂದ ಬೇರೆಲ್ಲೋ ರಕ್ತಸ್ರಾವ. ಆದ್ದರಿಂದ ಎಲ್ಲರಿಗೂ ಸ್ಕ್ಯಾನ್ ಅನ್ನುವುದು ಉತ್ತರವಲ್ಲ. ಬಿಡದ ತಲೆನೋವಿನ ಬಾಣಂತಿಗೆ ಸರಿಯಾದ ಸ್ಕ್ಯಾನ್ ಅನ್ನುವುದು ಉತ್ತರ.

ಬಾಣಂತಿಯರಷ್ಟೇ ಅಲ್ಲ ಅಂತಲೂ ಸೇರಿಸಬೇಕು. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನವರು 2012ರಲ್ಲಿ ಪ್ರಕಟಿಸಿದ 428 ರೋಗಿಗಳ ದಾಖಲೆಯಲ್ಲಿ ಗಂಡಸರೇ ಅರ್ಧಕ್ಕಿಂತ ಹೆಚ್ಚಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಹೆಚ್ಚಿದ್ದು, ಬಾಣಂತನ ಸುಧಾರಿಸಿದ್ದು ಒಂದು ಕಾರಣ ಇರಬಹುದು. ಮದ್ಯಪಾನವೂ ಅವರ ಕಾರಣಗಳ ಪಟ್ಟಿಯಲ್ಲಿದೆ, ಗರ್ಭನಿರೋಧಕ ಮಾತ್ರೆಯೂ ಇದೆ. ಹಬ್ಬಕ್ಕೋ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವ ಹಾರ್ಮೋನ್ ಮಾತ್ರೆಗಳ ಬಗ್ಗೆಯೂ ನಮ್ಮ ವೈದ್ಯರು ಎಚ್ಚರಿಸುತ್ತಾರೆ. ಪೂಜೆಗೆ ಅಂತ ಮಾತ್ರೆ ತರಿಸುವ ಅತ್ತೆಯಂದಿರು ಇದನ್ನು ಓದುತ್ತಿದ್ದರೆ ಒಳ್ಳೆಯದು.

ತಂಗಿ ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಂಡಳು, ಆಮೇಲೆ ಮತ್ತೆ ಎಂಆರ್‌ವಿ ಮಾಡಿಸಿದರು. ನಡುವಿನ ಸಿರೆ ಬಹುಪಾಲು ತೆರೆದುಕೊಂಡಿತ್ತು. ಎಡಗಡೆಯ ಕವಲು ಮಾತ್ರ ಸರಿಯಾಗಿ ಕಾಣುತ್ತಿಲ್ಲ ಅಂತ ರಿಪೋರ್ಟಿನಲ್ಲಿತ್ತು. ಮನೆಯಲ್ಲಿ ಮತ್ತೆ ಗಾಬರಿ. ಡಾಕ್ಟರು ಹಳೆಯ ಪ್ಲೇನ್ ಸಿಟಿಯ ಸಿಡಿ ಇದೆಯಾ ಅಂತ ಕೇಳಿದರು, ಊರಿನಲ್ಲಿ ಮೊದಲು ಮಾಡಿಸಿ 'ನಾರ್ಮಲ್' ಬಂದಿತ್ತಲ್ಲ, ಅದು. ಕಂಪ್ಯೂಟರಿಗೆ ಹಾಕಿ ಮೂಳೆ ಕಾಣುವ ಹಾಗೆ ತಿರುಗಿಸಿದರು. ಆ ಸಿರೆ ತಲೆಬುರುಡೆಯಿಂದ ಹೊರಗೆ ಇಳಿಯುವ ತೂತು ಬಲಗಡೆ ದೊಡ್ಡದಿತ್ತು, ಎಡಗಡೆ ಅದರ ಅರ್ಧದಷ್ಟೂ ಇರಲಿಲ್ಲ. ಮೂಳೆಯ ತೂತು ಆರು ತಿಂಗಳಲ್ಲಿ ಸಣ್ಣದಾಗುವುದಿಲ್ಲ. ಅವಳ ಎಡ ಕವಲು ಹುಟ್ಟಿನಿಂದಲೇ ಹಾಗಿತ್ತು. ಅಲ್ಲದೆ ಸಿರೆ ಎಷ್ಟು ತೆರೆದುಕೊಂಡಿದೆ ಅನ್ನುವುದಕ್ಕೂ ರೋಗಿ ಎಷ್ಟು ಚೆನ್ನಾಗಿದ್ದಾಳೆ ಅನ್ನುವುದಕ್ಕೂ ಯಾವಾಗಲೂ ತಾಳೆಯಾಗುವುದಿಲ್ಲವಂತೆ. ಮಾತ್ರೆ ನಿಲ್ಲಿಸಿದರು. ಗರ್ಭನಿರೋಧಕ ಮಾತ್ರೆ ಇನ್ನು ಮುಂದೆ ಬೇಡ, ಕಾಪರ್ ಟಿ ಹಾಕಿಸಿಕೊಳ್ಳಿ ಅಂದರು. ಎರಡನೇ ಮಗು ಬೇಕಾದರೆ ಅಡ್ಡಿಯಿಲ್ಲ, ಆದರೆ ಬಸುರಿನಲ್ಲೂ ಹೆರಿಗೆಯ ನಂತರ ಆರು ವಾರವೂ ಹೆಪಾರಿನ್ ಜಾತಿಯ ಇಂಜೆಕ್ಷನ್ ದಿನಾ ತೆಗೆದುಕೊಳ್ಳಬೇಕು, ಮೊದಲ ತಿಂಗಳಲ್ಲೇ ಬಂದು ತೋರಿಸಿ ಅಂತಲೂ ಹೇಳಿದರು. ಚಿಕ್ಕಮ್ಮ ಅದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾರೆ. ತಂಗಿ ಮಾತ್ರ ಸದ್ಯಕ್ಕೆ ಒಂದೇ ಸಾಕು ಅನ್ನುತ್ತಿದ್ದಾಳೆ.